ಶಾಫ್ಟಿನ ಮೇಲೆ ಉಳಿದ ಕೈ

ಲೋಹವನ್ನು ಕರಗಿಸಿ ಲೋಹದ ಮೇಲೆಯೇ ಎರಚುವ ಆ ವರ್ಕ್‌ಶಾಪಿನಲ್ಲಿ ಅವನಿಗೆ ಕನಸಿನ ಮೇಸ್ತ್ರಿ ಎಂದೇ ಹೆಸರು. ಹಾಗೆ ಕರೆದವರದ್ದು ತಪ್ಪೇನಿಲ್ಲ ಬಿಡಿ. ಲೋಹ ಎರಚುವ ಗನ್ ಹಿಡಿದು ನಿಂತನೆಂದರೆ ಊಟದ ಗಂಟೆ ಬಾರಿಸಿದ್ದೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಒಂದು ಕಡೆಯಿಂದ ಉಕ್ಕಿನ ತಂತಿ ಗನ್ನಿನೊಳಗೆ ಸರಿಯುತ್ತಿತ್ತು, ತುದಿಯ ಉರಿಯಲ್ಲಿ ಕರಗುತ್ತಿತ್ತು, ಗಾಳಿ ಅದನ್ನು ಸಣ್ಣ ಸಣ್ಣ ಹನಿಯಾಗಿ ಊದಿ, ತಿರುಗುತ್ತಿರುವ ಶಾಫ್ಟಿನ, ಅಂದರೆ ಯಂತ್ರದ ಉಕ್ಕಿನ ದಂಡದ, ಸವೆದ ಮೈಮೇಲೆ ಕೂರಿಸುತ್ತಿತ್ತು. ಕಪ್ಪು ಕನ್ನಡಕದೊಳಗಿಂದ ಆ ಹನಿಗಳು ಅವನಿಗೆ ದೂರದ ಯಾವುದೋ ಊರಿನ ದೀಪಗಳಂತೆ ಕಾಣುತ್ತಿದ್ದವು. ಮೂವತ್ತು ವರ್ಷವಾದರೂ ಆ ಊರು ಹತ್ತಿರ ಬಂದಿರಲಿಲ್ಲ. ಅವನಿಗೂ ಅವಸರವಿರಲಿಲ್ಲ.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಉಂಟು. ಎರಚಿದ ಲೋಹ ಅಡಿಯ ಲೋಹದೊಂದಿಗೆ ಬೆಸೆದುಕೊಳ್ಳುವುದಿಲ್ಲ, ಸುಮ್ಮನೆ ಕಚ್ಚಿಕೊಂಡು ನಿಲ್ಲುತ್ತದೆ. ಕಚ್ಚಿಕೊಳ್ಳಬೇಕಾದರೆ ಮೈ ತರಿತರಿಯಾಗಿರಬೇಕು. ಅದಕ್ಕೇ ಮೊದಲು ಗಟ್ಟಿ ಕಾಳುಗಳನ್ನು ಗಾಳಿಯ ರಭಸದಲ್ಲಿ ಹೊಡೆಯುತ್ತಾರೆ, ಅದನ್ನು ಬ್ಲಾಸ್ಟಿಂಗ್ ಎನ್ನುತ್ತಾರೆ. ಬ್ಲಾಸ್ಟಿಂಗ್ ಆದ ಮೇಲೆ ಶಾಫ್ಟನ್ನು ಯಾರೂ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ತಾಗಿದ ಕಡೆ ಲೇಪ ಹಿಡಿಯುವುದಿಲ್ಲ. ಇಂದಲ್ಲ ನಾಳೆ ಅಲ್ಲೇ ಎದ್ದು ಬರುತ್ತದೆ, ತುಕ್ಕೂ ಅಲ್ಲಿಂದಲೇ ಒಳಗೆ ನುಗ್ಗುತ್ತದೆ.

ಇಪ್ಪತ್ತು ವರ್ಷದ ಹಿಂದೆ ಬ್ಲಾಸ್ಟಿಂಗ್ ಮಾಡುತ್ತಿದ್ದವನು ಅವನ ಭಾವ, ಅಕ್ಕನ ಗಂಡ. ಭಾವ ಮೈ ತರಿ ಮಾಡಿ ಕೊಡುವುದು, ಇವನು ಎರಚುವುದು. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರ ಕೆಲಸ ನಿಲ್ಲಬೇಕು. ಆಗ ಊರಿನ ನೀರಿನ ಪಂಪ್‌ಹೌಸಿಗೆ ಜೋಡಿ ಶಾಫ್ಟಿಗೆ ಲೇಪ ಮಾಡಿಕೊಟ್ಟಿದ್ದರು. ಮೂರೇ ತಿಂಗಳಲ್ಲಿ ಒಂದರ ಲೇಪ ಹಪ್ಪಳದ ಹಾಗೆ ಎದ್ದು, ಪಂಪು ಕೆಟ್ಟು, ಊರಿಗೆ ಊರೇ ಬಾಯಿಗೆ ಬಂದಂತೆ ಬೈಯಿತು. ಯಜಮಾನರು ಇಬ್ಬರನ್ನೂ ನಿಲ್ಲಿಸಿ ಕೇಳಿದರು. "ನನ್ನ ಕಡೆಯಿಂದ ಏನೂ ಹೆಚ್ಚುಕಮ್ಮಿ ಆಗಿಲ್ಲ," ಎಂದ ಇವನು. ಹೇಳಿದ್ದು ಅಷ್ಟೇ. ಆದರೆ ಇಬ್ಬರಲ್ಲಿ ಒಬ್ಬನ ತಪ್ಪಿಲ್ಲವೆಂದರೆ ಇನ್ನೊಬ್ಬನದೇ ತಾನೆ? ಭಾವ ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ಸೈಕಲ್ ರಿಪೇರಿ ಅಂಗಡಿಯೊಂದರಲ್ಲಿ ಪಂಕ್ಚರ್ ಹಾಕುತ್ತ ಕೂತ. ಅಕ್ಕ ತಮ್ಮನ ಮನೆಗೆ ಬಂದರೂ ಹೊಸಿಲಲ್ಲೇ ನಿಂತು ಎರಡು ಮಾತಾಡಿ ಹೋಗುವಳು.

ಜೋಡಿಯ ಇನ್ನೊಂದು ಶಾಫ್ಟನ್ನು ಯಾರೂ ನಂಬದೆ ಪಂಪ್‌ಹೌಸಿನ ಒದ್ದೆ ಮೂಲೆಯಲ್ಲಿ ಮಲಗಿಸಿದ್ದರು. ಈಗ ಅದನ್ನು ಮತ್ತೆ ಲೇಪ ಮಾಡಿಕೊಡಿ ಎಂದು ಕಳಿಸಿದ್ದಾರೆ. ಮೇಸ್ತ್ರಿ ಬೆಳಗ್ಗೆ ಅದರ ಗ್ರೀಸು ಒರೆಸಿ, ಕಿಟಕಿಯ ಬಿಸಿಲಿಗೆ ತಿರುಗಿಸಿದ.

ಲೇಪ ಬಹುಪಾಲು ಹಾಗೇ ಇತ್ತು. ಒಂದು ಕಡೆ ಮಾತ್ರ ಎದ್ದುಹೋಗಿ ತುಕ್ಕು ಹಿಡಿದಿತ್ತು. ಇತ್ತ ಉದ್ದಕ್ಕೆ ನಾಲ್ಕು ಪಟ್ಟೆ, ಅತ್ತ ಒಂದು ಗಿಡ್ಡ ಪಟ್ಟೆ.

ಅವನು ಬಹಳ ಹೊತ್ತು ನೋಡಿದ. ಮೆಷಿನ್ನುಗಳ ಸದ್ದೆಲ್ಲ ನೀರಿನಡಿಯಿಂದ ಕೇಳುವಂತೆ ಆಯಿತು. ಆ ಸದ್ದಿನೊಳಗಿಂದ ಒಂದು ಹಳೆಯ ಮಧ್ಯಾಹ್ನ ಮೆಲ್ಲಗೆ ಮೇಲೆದ್ದು ಬಂತು. ಆ ವಾರ ಬಿಸಿ ಅಳೆಯುವ ಮೀಟರ್ ಕೆಟ್ಟಿತ್ತು. ಎರಚುವ ಮೊದಲು ಶಾಫ್ಟನ್ನು ಉಗುರುಬೆಚ್ಚಗೆ ಮಾಡಬೇಕು, ತೇವ ಹೋಗಬೇಕು. ಬಿಸಿಯಾಯಿತೋ ಇಲ್ಲವೋ ನೋಡಲು ಅವನು ಗ್ಲೌಸು ತೆಗೆದು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ, ಕೈಯಿಟ್ಟಿದ್ದ. ಎಷ್ಟು ಹಿತವಾಗಿತ್ತು ಆ ಬಿಸಿ! ಕೈ ಇಟ್ಟುಕೊಂಡೇ ಎಲ್ಲೋ ಕಳೆದುಹೋಗಿದ್ದ. ಆ ನೆನಪು ಇಪ್ಪತ್ತು ವರ್ಷ ಎಲ್ಲಿತ್ತೋ, ಅವನಿಗೂ ತಿಳಿಯದು.

ಈಗ ತನ್ನ ಎಡಗೈಯನ್ನು ಆ ಪಟ್ಟೆಗಳ ಮೇಲಿಟ್ಟ. ಸರಿಯಾಗಿ ಕೂತಿತು. ಆ ವರ್ಕ್‌ಶಾಪಿನಲ್ಲಿ ಆಗಲೂ ಈಗಲೂ ಎಡಚನೆಂದರೆ ಅವನೊಬ್ಬನೇ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮುಂದಿನ ಕೆಲಸ ಬ್ಲಾಸ್ಟಿಂಗ್. ಹತ್ತು ನಿಮಿಷ ಕಾಳು ಹೊಡೆದರೆ ಹಳೆಯ ಲೇಪ, ತುಕ್ಕು, ಕೈಗುರುತು ಎಲ್ಲವೂ ಹೋಗಿ ಶಾಫ್ಟು ಹೊಸದಾಗುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ತಪ್ಪು ಮಾಡಿದವನಿಗೆ ಕೆಲಸವೇ ಇಷ್ಟು ಸಲೀಸಾಗಿ ದಾರಿ ಮಾಡಿಕೊಡುವುದು ಅಪರೂಪ. ಅವನು ಶಾಫ್ಟನ್ನು ಟ್ರಾಲಿಯ ಮೇಲಿಟ್ಟು ಬ್ಲಾಸ್ಟಿಂಗ್ ಕೋಣೆಯ ಬಾಗಿಲವರೆಗೆ ತಳ್ಳಿಕೊಂಡು ಹೋದ. ಅಲ್ಲಿ ನಿಂತ. ಆಮೇಲೆ ಟ್ರಾಲಿಯನ್ನು ಅಲ್ಲೇ ಬಿಟ್ಟು, ಏಪ್ರನ್ ಕೂಡ ಬಿಚ್ಚದೆ, ಸೈಕಲ್ ಅಂಗಡಿಗೆ ನಡೆದ.

"ಭಾವ, ಒಂದ್ಸಲ ವರ್ಕ್‌ಶಾಪಿಗೆ ಬನ್ನಿ."

"ನಂಗೇನು ಕೆಲಸ ಅಲ್ಲಿ?"

"ನೋಡೋದಿದೆ. ನಾನ್ ಹೇಳಿದ್ರೆ ಆಗಲ್ಲ, ನೀವೇ ನೋಡ್ಬೇಕು."

ಅವನ ಮುಖದಲ್ಲಿ ಏನು ಕಂಡಿತೋ, ಭಾವ ಟ್ಯೂಬು ಕೆಳಗಿಟ್ಟು ಎದ್ದ. ವರ್ಕ್‌ಶಾಪಿಗೆ ಬಂದು ಮೇಸ್ತ್ರಿ ಶಾಫ್ಟಿನ ಮೇಲೆ ಎಡಗೈಯಿಟ್ಟು ತೋರಿಸಿದ. ಆ ದಿನ ನಡೆದದ್ದನ್ನೆಲ್ಲ ಹೇಳಿದ. "ನನ್ನಿಂದಾನೇ ಭಾವ. ಎರಡಕ್ಕೂ ಹಿಂಗೇ ಕೈ ಇಟ್ಟಿದ್ದೆ," ಎಂದ.

ಭಾವ ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ಕಾದು ನಿಂತ. ಭಾವ ಜೇಬಿನಿಂದ ಪಂಕ್ಚರ್ ಹಾಕುವ ಚಾಕು ತೆಗೆದ. ಬೆರಳ ಗುರುತುಗಳ ನಡುವೆ ಉಳಿದಿದ್ದ ಲೇಪವನ್ನು ಕೆರೆದ. ಬರಲಿಲ್ಲ. ಚಾಕುವಿನ ಮೊನೆ ಒತ್ತಿ, ಹಲ್ಲು ಕಚ್ಚಿ, ಇನ್ನೊಮ್ಮೆ ಮೀಟಿದ. ಚಾಕುವೇ ಮುರಿಯಿತು.

"ಗಟ್ಟಿಯಾಗಿದೆ," ಎಂದ. "ನಾನು ಮಾಡಿದ್ದು ಸರಿಯಾಗೇ ಇತ್ತು ಹಂಗಾದ್ರೆ. ಇಷ್ಟು ವರ್ಷ ನಂದೇ ತಪ್ಪು ಅಂದ್ಕೊಂಡಿದ್ದೆ ಕಣೋ. ಕಾಳು ತೇವ ಇತ್ತಾ, ಗಾಳಿ ಕಮ್ಮಿ ಇತ್ತಾ ಅಂತ ದಿನಾ ಲೆಕ್ಕ ಹಾಕ್ತಿದ್ದೆ."

ಮೇಸ್ತ್ರಿ ಅಳು ತಡೆಯಲಾರದೆ ಮುಖ ತಿರುಗಿಸಿದ. ಅಳುತ್ತಲೇ ಟ್ರಾಲಿಯನ್ನು ಬ್ಲಾಸ್ಟಿಂಗ್ ಕೋಣೆಯೊಳಗೆ ತಳ್ಳಹೋದ. ಭಾವ ಅದರ ಹಿಡಿಕೆ ಹಿಡಿದು ನಿಲ್ಲಿಸಿದ.

"ಈಗ್ಲೇ ಅಳಿಸ್ಬೇಡ," ಎಂದ. "ಮೊದ್ಲು ನಿಮ್ಮಕ್ಕ ಬಂದು ನೋಡ್ಲಿ."