ಹಳೆ ಕಲಾಯಿ ಕೆರೆದ ಮೇಲೆ

ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಅಣ್ಣನಿಗೆ ಹೊತ್ತಿಗೆ ಸರಿಯಾಗಿ ಹೇಳಲಿಲ್ಲ. ಅವನ ಬೆರಳ ತುದಿಗಳು ಕಲಾಯಿಗೆ ಉದುರಿಸುವ ನವಸಾಗರದ ಹೊಗೆಗೆ ಬೆಂದು, ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಸುಕ್ಕುಗಟ್ಟಿದ್ದವು. ಆ ಬೆರಳು ನೆನಪಾದಾಗಲೆಲ್ಲ ಆ ಮಾತೂ ನೆನಪಾಗುತ್ತದೆ.

ನಾವು ಶಿರಾದ ಕಲಾಯಿಯವರು. ತಾಮ್ರದ ಪಾತ್ರೆಯ ಒಳಗೆ ತವರ ಬಳಿಯುವುದು ನಮ್ಮ ಕಸುಬು. ದೇಶ ಇಬ್ಭಾಗವಾದಾಗ ಚಿಕ್ಕಪ್ಪನ ಜೊತೆ ಅಣ್ಣನೂ ಕರಾಚಿಗೆ ಹೋದ. ಹತ್ತು ವರ್ಷದ ಮೇಲೆ ಅಲ್ಲಿಯ ಪಾಸ್‌ಪೋರ್ಟ್ ಹಿಡಿದು ಒಬ್ಬನೇ ಬಂದ. "ಇನ್ ಹೋಗಾಕಿಲ್ಲ" ಅಂದ.

ಹೋದವನು ಬಂದದ್ದೇಕೆ? ಬೆಳಿಗ್ಗೆ ಎದ್ದರೆ ಮನೆಯ ಗೋಡೆ ತಟ್ಟಿ ತಟ್ಟಿ ನೋಡುತ್ತಿದ್ದ. ಮನೆಯಲ್ಲಿ ಪಾಲು ಕೇಳಲು ಬಂದಿದ್ದಾನೆ ಅಂದುಕೊಂಡೆ. ಗೆದ್ದಲು ತಿಂದ ಗೋಡೆಯನ್ನು ಅವನೇ ಕೆಡವಿ ಕಟ್ಟಿದಾಗ, ಹಕ್ಕು ಸಾಧಿಸುತ್ತಿದ್ದಾನೆ ಅಂದುಕೊಂಡೆ. ಮನೆಯಲ್ಲಿ ನಾವಾಡುವುದು ಉರ್ದು. ಅವನು ಮಾತ್ರ ಹಟಕ್ಕೆ ಬಿದ್ದವನಂತೆ ಕನ್ನಡವನ್ನೇ ಆಡುತ್ತಿದ್ದ. ಯಾರಿಗೆ ತೋರಿಸಲು ಈ ನಾಟಕ ಎಂದು ಕೇಳಿದರೆ, "ಹತ್ತೊರ್ಸ ಬಾಯ್ ಕಟ್ಕೊಂಡಿದ್ದೆ ಕಣ್ಲಾ, ಆಡ್ಲಿ ಬುಡು" ಎಂದು ನಗುತ್ತಿದ್ದ.

ಅವನ ವೀಸಾ ಶಿರಾಕ್ಕೆ ಮಾತ್ರ. ಮಧುಗಿರಿ, ಕೊರಟಗೆರೆ ಕಡೆಯ ಹಳ್ಳಿಗಳಿಗೆ ತಿದಿ ಹೊತ್ತು ನಾನೇ ಹೋಗಬೇಕಿತ್ತು. ಒಂದೂರಿನಲ್ಲಿ ಒಬ್ಬಾಕೆ ನಾನು ಬಳಿದ ಹಂಡೆಯೊಳಗೆ ಬಗ್ಗಿ ನೋಡಿ, "ನಿಮ್ಮಣ್ಣ ಎಲ್ಲೋದ್ನಪ್ಪ? ಅವ್ನ್ ಕಲಾಯೀಲಿ ಮುಖವೆಲ್ಲ ಕಾಣ್ತಿತ್ತು. ನಿಂದ್ರಲ್ಲಿ ಬರೀ ಮೂಗು" ಅಂದಳು. ಅದೂ ಚುಚ್ಚಿತು.

ಅಣ್ಣ ಇಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕಿದ್ದ. ಒಮ್ಮೆ ತಾಲ್ಲೂಕು ಕಚೇರಿಯ ಗುಮಾಸ್ತರು ಸಂತೆಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮಣ್ಣಂಗೆ ಹೇಳು. ಇಲ್ಲಿನ ಆರ್ಡರ್ ಕೈಗೆ ಬರೋವರ್ಗೂ ಅಲ್ಲಿನ ಪೌರತ್ವ ಬಿಡೋದ್ ಬೇಡ. ಬಿಟ್ರೆ ಯಾವ ದೇಶದೋನೂ ಅಲ್ಲ ಅಂತಾಗ್ತಾನೆ."

ಇವರಿಗೇಕೆ ನಮ್ಮ ಮೇಲೆ ಇಷ್ಟು ಕಾಳಜಿ ಎಂದು ಅವರನ್ನೂ ಅನುಮಾನಿಸಿದೆ. ಅದು ನೆಪ. ಅಣ್ಣ ಇಲ್ಲಿಯವನಾದರೆ ಅರ್ಧ ಮನೆ ಹೋಯಿತು ಎಂಬುದೇ ನನ್ನ ಭಯ. ಗುಮಾಸ್ತರ ಮಾತನ್ನು ಅಣ್ಣನಿಗೆ ಮುಟ್ಟಿಸಲಿಲ್ಲ.

ಆ ವಾರವೇ ಅವನು ಪಾಸ್‌ಪೋರ್ಟನ್ನು ದೆಹಲಿಯಲ್ಲಿದ್ದ ಕರಾಚಿಯವರ ರಾಯಭಾರ ಕಚೇರಿಗೆ ಹಿಂದಕ್ಕೆ ಕಳಿಸಿ, ಆ ದೇಶ ಬೇಡವೆಂದು ಬರೆಸಿಕೊಟ್ಟ. ಹಳೆ ಕಲಾಯಿ ಪೂರ್ತಿ ಕೆರೆದು ತಾಮ್ರ ಬೆತ್ತಲಾದರೇನೇ ಹೊಸದು ಹಿಡಿಯುವುದು. ದೇಶಕ್ಕೂ ಅದೇ ನಿಯಮವೆಂದು ನಂಬಿದ್ದ. "ಚೆನ್ನಾಗ್ ಕೆರ್ದಿವ್ನಿ, ಇನ್ ಹಿಡೀತದೆ" ಎಂದು ನನಗೆ ಟೀ ಕುಡಿಸಿದ. ಕುಡಿದೆ.

ಹಿಡಿಯಲಿಲ್ಲ. ಇಲ್ಲಿ ಅರ್ಜಿ ಬಿದ್ದುಹೋಯಿತು. ಪೊಲೀಸರು ಗಡಿಗೆ ಕರೆದೊಯ್ದರು. ಆ ಕಡೆಯವರು ನಮ್ಮವನಲ್ಲವೆಂದು ಒಳಗೆ ಬಿಡಲಿಲ್ಲ. ಹೋದ ದಾರಿಯಲ್ಲೇ ವಾಪಸ್ಸು ತಂದು ಬಿಟ್ಟರು. ಆಮೇಲೆ ಊರಿನ ಎಲ್ಲೆ ದಾಟುವಂತಿಲ್ಲ, ಠಾಣೆಗೆ ಹೋಗಿ ಮುಖ ತೋರಿಸಬೇಕು. "ಬಾರಪ್ಪ ಎರಡ್ ಮನೆ ಅಳಿಯ, ಎಲ್ಲೂ ಎಲೆ ಹಾಕ್ಲಿಲ್ವಾ?" ಎನ್ನುತ್ತಿದ್ದ ಅಲ್ಲಿಯ ಪೇದೆ. ಅಣ್ಣ ಕೈಕಟ್ಟಿ ನಿಲ್ಲುತ್ತಿದ್ದ. ಯಾವಾಗ ಮತ್ತೆ ಎತ್ತಿಕೊಂಡು ಹೋಗುತ್ತಾರೋ ಎಂದು, ಓಣಿಯಲ್ಲಿ ಬೂಟಿನ ಸದ್ದಾದರೆ ಎದ್ದು ಚಪ್ಪಲಿ ಮೆಟ್ಟುತ್ತಿದ್ದ.

ಅರವತ್ತರ ದಶಕದಲ್ಲಿ, ಅವನು ತೀರಿಕೊಳ್ಳುವ ಹಿಂದಿನ ಚಳಿಗಾಲ, ಕೆಮ್ಮು ಹೆಚ್ಚಾಗಿ ಮಲಗಿದ್ದ. ಗಂಜಿ ಕುಡಿಸುತ್ತಿದ್ದೆ. ಬಟ್ಟಲನ್ನು ಸರಿಸಿ ಅಂದ:

"ಆ ತಾಲ್ಲೂಕು ಕಚೇರಿ ಗುಮಾಸ್ತರಿಗೆ ಕಾನೂನೆಲ್ಲ ಗೊತ್ತಿತ್ತಂತೆ. ಒಂದ್ ಮಾತ್ ಹೇಳ್ಬೋದಿತ್ತು ಕಣ್ಲಾ. ಒಳ್ಳೆ ಮನ್ಸ ಅಂದ್ಕೊಂಡಿದ್ದೆ."

ಬೇರೆಯವರ ತಲೆಗೆ ಹೋದ ಪಾಪವನ್ನು ಅಲ್ಲೇ ಇರಲಿ ಎಂದು ಬಿಡಬಹುದಿತ್ತು. ಆಗಲಿಲ್ಲ.

"ಹೇಳಿದ್ರು ಭಾಯಿ. ನಂಗ್ ಹೇಳಿದ್ರು. ನಾನೇ ನಿಂಗ್ ಹೇಳ್ನಿಲ್ಲ. ಮನೆ ಆಸೆಗೆ ಹೇಳ್ನಿಲ್ಲ. ತಪ್ಪಾಯ್ತು, ಮಾಫ್ ಮಾಡು."