ಕತ್ತಲೆಗೆ ಟ್ಯೂಬ್‌ಲೈಟ್ ಸ್ವಾಗತ

ಕತ್ತಲೆ ನೋಡಲು ಕಾಲೇಜಿನಿಂದ ಮೇಡಮ್ ಬರುತ್ತಾರೆ ಅಂತ ನಮ್ಮ ಬೀದಿಯವರು ಟ್ಯೂಬ್‌ಲೈಟ್ ಕಟ್ಟಿಸಿದರು!

ನಗಬೇಡಿ. ರಾಯದುರ್ಗದಲ್ಲಿ ದೊಡ್ಡವರು ಯಾರಾದರೂ ಬೀದಿಗೆ ಬರುತ್ತಾರೆಂದರೆ ನಮಗೆ ಗೊತ್ತಿರುವ ಮರ್ಯಾದೆ ಒಂದೇ. ಕಂಬದಿಂದ ಕಂಬಕ್ಕೆ ಲೈಟು, ನಾಲ್ಕು ಕುರ್ಚಿ, ಒಂದು ಮೈಕು. ಮದುವೆಗೂ ಅಷ್ಟೇ, ಮಂತ್ರಿಗೂ ಅಷ್ಟೇ. ಕತ್ತಲೆಗೆ ಮಾತ್ರ ಬೇರೆ ಪದ್ಧತಿ ಎಲ್ಲಿಂದ ತರೋಣ?

ವಿಷಯ ಏನೆಂದರೆ, ನನ್ನ ಮಗಳು ಶ್ರಾವಣಿ ಡಿಗ್ರಿ ಕೊನೇ ವರ್ಷದಲ್ಲಿದ್ದಾಳೆ. ಪ್ರಾಜೆಕ್ಟಿಗೆ ಜೊತೆಯವರೆಲ್ಲ ಶೇಂಗಾ, ಜೀನ್ಸು, ಬ್ಯಾಂಕು ಅಂತ ಆರಿಸಿಕೊಂಡರೆ ಇವಳು ಆರಿಸಿಕೊಂಡದ್ದು ರಾತ್ರಿಯನ್ನು. ಬರೀ ನಕ್ಷತ್ರ ಸಾಲದು. ಬಯಲಾಟವನ್ನು ರಾತ್ರಿಯೇ ಯಾಕೆ ಆಡುತ್ತಾರೆ, ಕತ್ತಲಾದ ಮೇಲೆ ಊರಿನಲ್ಲಿ ಯಾರು ಎಲ್ಲಿರುತ್ತಾರೆ, ಎಲ್ಲವೂ ಬೇಕು.

"ರಾತ್ರಿ ಕುಂತು ಓದೋರ್ನ ನೋಡೀನಿ. ರಾತ್ರಿ ಮ್ಯಾಲ ಓದೋರ್ನ ಇವತ್ತ ನೋಡಿದೆ" ಅಂದರು ನಮ್ಮ ಮನೆಯವರು.

ಗೈಡ್ ಮೇಡಮ್ಮಿಗೂ ಅನುಮಾನ. "ಆಕಾಶ ಓಕೆ. ಬೀದಿ ಹೇಗೆ ನೋಡ್ತೀಯ? ಕಿಟಕಿಯಿಂದ ಕಂಡಿದ್ದನ್ನ ಬೀದಿ ಅಂತ ಬರೆದರೆ ನಾನು ಒಪ್ಪಲ್ಲ. ಶನಿವಾರ ಸಂಜೆ ನಾನೇ ಬರ್ತೀನಿ, ತೋರಿಸು. ಆಗಲಿಲ್ಲ ಅಂದ್ರೆ ಟಾಪಿಕ್ ಬದಲಾಯಿಸು."

ನನಗೆ ಚುರುಕ್ಕೆಂದಿತು. ನನ್ನ ತವರು ಮಡಕಶಿರಾ ಕಡೆಯ ಅಮರಾಪುರ. ದೀಪ ಹಚ್ಚುವ ಹೊತ್ತಾದರೆ ಅಮ್ಮನ ಕೂಗು: "ಕತ್ಲಾಯ್ತು, ಒಳಕ್ ಬಾರೇ!" ತಮ್ಮನಿಗೆ ಆ ಕೂಗು ಇರಲಿಲ್ಲ. ರಾತ್ರಿ ಅವನ ಪಾಲಿಗೆ, ಕಿಟಕಿ ನನ್ನ ಪಾಲಿಗೆ. ಈಗ ಮಗಳಿಗೂ ಕಿಟಕಿಯೇ ಗತಿಯಾ? ಆಗಲ್ಲ ಅಂದೆ.

ಮುನಿಸಿಪಾಲಿಟಿಯವರನ್ನು ಕಾಡಿ ಬೇಡಿ, ಶನಿವಾರ ಅರ್ಧ ಗಂಟೆ ಬೀದಿ ದೀಪ ಆರಿಸಲು ಒಪ್ಪಿಸಿದೆವು. (ಬೆಳಕು ಕೇಳಿ ಹೋದವರನ್ನು ಅವರು ಬೇಕಾದಷ್ಟು ಕಂಡಿದ್ದಾರೆ. ಕತ್ತಲೆ ಕೇಳಿದವರು ಬಹುಶಃ ನಾವೇ ಮೊದಲು!) ಅಮಾವಾಸ್ಯೆ ಹತ್ತಿರ, ಹಾಗಾಗಿ ಚಂದ್ರನ ಕಾಟವೂ ಇಲ್ಲ.

ಆದರೆ ಬಸಣ್ಣ ಇದ್ದಾರಲ್ಲ! ಮೂಲೆಯ ಕಿರಾಣಿ ಅಂಗಡಿಯವರು. ಯಾರೂ ಕೊಡದಿದ್ದರೂ ಬೀದಿಯ ಯಜಮಾನಿಕೆ ವಹಿಸಿಕೊಂಡವರು. ಮೇಡಮ್ ಬರುವ ಸುದ್ದಿಯಷ್ಟೇ ಅವರ ಕಿವಿಗೆ ಬಿದ್ದಿದೆ. ಶನಿವಾರ ಸಂಜೆ ಹೊರಗೆ ಬಂದು ನೋಡಿದರೆ ಇಡೀ ಬೀದಿ ಝಗಮಗ. ಶ್ರಾವಣಿಯ ಕಣ್ಣು ತುಂಬಿತು. "ಅಮ್ಮಾ, ನನ್ನ ಟಾಪಿಕ್ ಹೋತು."

"ಬಸಣ್ಣ, ಇದೆಲ್ಲ ಯಾಕ್ರೀ?" ಅಂದೆ.

"ಯಾಕ ಅಂದ್ರ? ಮೇಡಮ್ಮಾರನ್ನ ಕತ್ತಲಾಗ ಕುಂದ್ರಸ್ತೀರೇನ್ರಿ? ಬೀದಿ ಮರ್ಯಾದಿ ಪ್ರಶ್ನೆ ಐತ್ರಿ ಇದು!"

"ಅವರು ಬರ್ತಿರೋದೇ ಕತ್ತಲೆ ನೋಡೋಕೆ."

ಬಸಣ್ಣ ಸ್ವಲ್ಪ ಯೋಚಿಸಿದರು. "ಹಂಗಾದ್ರ ಮೊದಲ ಲೈಟಿನಾಗ ಹಾರ ಹಾಕೂಣ್ರಿ. ಆಮ್ಯಾಲ ಕತ್ತಲ."

ಹಾಗೇ ಆಯಿತು. ಮೇಡಮ್ ಬಂದರು, ಹಾರ ಬಿತ್ತು, ಬಸಣ್ಣ ಮೈಕು ಹಿಡಿದರು. "ಎಲ್ಲಾರೂ ಲೈಟ್ ಆಫ್ ಮಾಡ್ರಿ. ಟೀವಿ ಸಹಿತ ಆಫ್ ಮಾಡ್ರಿ. ಮೇಡಮ್ಮಾರ ಮುಂದ ಒಂದು ಬಲ್ಬ್ ಸಹಿತ ಕಾಣಬಾರ್ದು!" ಆಮೇಲೆ ಅದನ್ನೇ ತೆಲುಗಿನಲ್ಲಿ, ಆಂಧ್ರದ ಗಡಿ ಊರಲ್ಲವೇ ನಮ್ಮದು!

ಹೆಮ್ಮೆಯಿಂದ ಹೇಳುತ್ತೇನೆ, ಒಂದು ಮನೆಯೂ ತಪ್ಪಲಿಲ್ಲ. ಮನೆಮನೆಯಲ್ಲಿ ಜೀನ್ಸ್ ಹೊಲಿಯುವ ಮಷಿನ್‌ಗಳು ಕೂಡ ಒಂದೊಂದಾಗಿ ನಿಂತವು. ಮೈಮುರಿದು ದುಡಿಯುವ ಜನ, ನಮ್ಮ ಹುಡುಗಿಗಾಗಿ ಕೈಯಲ್ಲಿದ್ದ ಕೆಲಸ ಬಿಟ್ಟರು.

ಟ್ಯೂಬ್‌ಲೈಟೂ ಬೀದಿ ದೀಪವೂ ಆರಿದವು. ಊರ ಕೋಟೆ ಬೆಟ್ಟ ಕಪ್ಪಾಗಿ ಎದ್ದು ನಿಂತಿತು. ಅದರ ಮೇಲೆ ರಾಶಿ ನಕ್ಷತ್ರ. ಇಷ್ಟು ದಿನ ಎಲ್ಲಿದ್ದವು ಇವು? ಶ್ರಾವಣಿ ಬೀದಿಯ ನಡುವೆ ನಿಂತು ಕೃತ್ತಿಕೆ, ಮೃಗಶಿರ ಅಂತ ಬೆರಳು ಮಾಡಿ ತೋರಿಸಿದಳು. "ಮಳಿ ಹೆಸರು ಅಂತ ಅಷ್ಟ ಗೊತ್ತಿತ್ತು. ಮಾರಿ ಇವತ್ತ ನೋಡಿದೆ" ಅಂತ ಯಾರೋ ಅಂದರು. ಒಂದು ಕಾಲದಲ್ಲಿ ಬಯಲಾಟದಲ್ಲಿ ರಾಜನ ಪಾರ್ಟು ಮಾಡುತ್ತಿದ್ದ ಅಜ್ಜ ಯಾರೂ ಕೇಳದಿದ್ದರೂ ದನಿ ಎತ್ತಿದರು. ಕತ್ತಲಲ್ಲಿ ಆ ದನಿಗೆ ವಯಸ್ಸೇ ಇರಲಿಲ್ಲ.

ಆಗ ಮೇಡಮ್ ಪಿಸುಗುಟ್ಟಿದರು. "ಇಷ್ಟೊಂದು ಹೆಂಗಸರು ಎಲ್ಲಿಂದ ಬಂದರು?"

ಹೌದಲ್ಲ! ಕಟ್ಟೆ, ಮೆಟ್ಟಿಲು, ಬೀದಿ, ಎಲ್ಲ ಕಡೆ ಹೆಂಗಸರ ಮಾತು, ನಗು. ಕರೆಂಟ್ ಹೋದರೆ ಹೊರಗೆ ಬಂದು ಕೂರುವುದು ನಮ್ಮ ರೂಢಿ. ಎಷ್ಟು ರೂಢಿ ಎಂದರೆ ನಾವ್ಯಾರೂ ಅದನ್ನು ಗಮನಿಸಿಯೇ ಇರಲಿಲ್ಲ. ಶ್ರಾವಣಿ, ಮಷಿನ್ ನಿಲ್ಲಿಸಿ ಬಂದಿದ್ದ ಪಕ್ಕದ ಮನೆ ಶಾಂತಕ್ಕನನ್ನು ಕೇಳಿದಳು. "ದಿನಾ ಯಾಕ ಹಿಂಗ ಬರಂಗಿಲ್ಲ ನೀವು?"

"ಲೈಟ್ ಇದ್ರ ಕಟ್ಟಿ ತುಂಬ ಗಂಡಸ್ರೇ ಕುಂತಿರ್ತಾರಲ್ಲವ್ವಾ. ನಾವು ಬಂದ್ರ ಎಲ್ಲಾರೂ ನಮ್ಮನ್ನೇ ನೋಡ್ತಾರ. ಕತ್ತಲಾಗ ಯಾರು ನೋಡ್ತಾರ? ಆರಾಮ ಕುಂದ್ರತೀವಿ."

ಬಸಣ್ಣ ಕೆಮ್ಮಿದರು. (ಕಟ್ಟೆಯ ಖಾಯಂ ಗಿರಾಕಿ ಅವರೇ.)

ಅರ್ಧ ಗಂಟೆ ಮುಗಿದು ದೀಪ ಬಂತು. ಮಕ್ಕಳು "ಹೋ" ಅಂತ ಕೂಗಿ ಮುಗಿಸುವಷ್ಟರಲ್ಲಿ ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ಒಳಗೆ. ಸುಳ್ಳೇಕೆ, ನನ್ನ ಕಾಲೂ ಹೊಸಿಲ ಕಡೆ ತಿರುಗಿತ್ತು. ಶ್ರಾವಣಿ ಮಾತ್ರ ಅಲ್ಲಾಡಲಿಲ್ಲ. ಅಷ್ಟೂ ಗಂಡಸರ ಎದುರು, ಅಷ್ಟೂ ಬೆಳಕಿನಲ್ಲಿ ನಿಂತು ವಾದ ಹೂಡಿದ್ದಳು. "ಬೀದಿ ಲೈಟು ಹೆಣ್ಮಕ್ಕಳ ಸೇಫ್ಟಿಗೆ ಅಂತಾರ ಮೇಡಮ್. ಹಂಗಾದ್ರ ಲೈಟ್ ಬಂದ ಕೂಡ್ಲೇ ಇವರ್ಯಾಕ ಒಳಗ ಹೋದ್ರು?"

ನನ್ನ ಎದೆ ಉಬ್ಬಿತು ಅಂದರೆ ಕಡಿಮೆಯೇ. ನಾನು ಕಿಟಕಿಯಲ್ಲಿ ನಿಂತು ಒಂದು ದಿನವೂ ಕೇಳದ ಪ್ರಶ್ನೆ ಅದು.

"ಟಾಪಿಕ್ ಬದಲಾಯಿಸಬೇಡ" ಅಂದರು ಮೇಡಮ್. "ಬೇರೆ ಬೀದಿಗಳನ್ನೂ ನೋಡು. ನಾನೂ ಜೊತೆಗೆ ಬರ್ತೀನಿ."

ಮರುದಿನ ಬಸಣ್ಣ ಕಟ್ಟೆಯ ಮೇಲೆ ಸ್ವಲ್ಪ ಸರಿದು ಕೂತು ಜಾಗ ಬಿಟ್ಟಿದ್ದರು. ಶಾಂತಕ್ಕ ಇನ್ನೂ ಬಂದಿಲ್ಲ.

ಇವತ್ತು ಸಂಜೆ ಒಮ್ಮೆ ಹೊರಗೆ ಬಂದು ನೋಡಿ ಹೇಳಿ: ನಿಮ್ಮ ಬೀದಿಯ ದೀಪ ಯಾರಿಗಾಗಿ ಉರಿಯುತ್ತಿದೆ?