ಅಮ್ಮ ಬೋಂಡ ಕಚ್ಚಿದ್ದು ಯಾವಾಗ?

ಹೋದ ತಿಂಗಳು ನಮ್ಮ ಅಡುಗೆಮನೆಯಲ್ಲಿ ನಿಜವಾಗಿ ಏನಾಯಿತು? ಖಚಿತವಾಗಿ ಹೇಳಲಾರೆ. ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. (ನಿಂತಿದ್ದೆ ಎಂದು ನನ್ನ ನಂಬಿಕೆ. ಹೆಂಡತಿ ಅದನ್ನೂ ಒಪ್ಪುವುದಿಲ್ಲ.) ಕಾಲೇಜಿನಲ್ಲಿ ಹುಡುಗರಿಗೆ 'ಕಣ್ಣಾರೆ ಕಂಡದ್ದನ್ನು ಮಾತ್ರ ಬರೀರಿ' ಎಂದು ಸೈನ್ಸ್ ಪಾಠ ಹೇಳುವವನು, ಒಂದು ಬೋಂಡದ ಮುಂದೆ ಸೋತು ಕೂತಿದ್ದೇನೆ.

ಅಮ್ಮನಿಗೆ ಜ್ವರ ಬಿಟ್ಟರೂ ಬಾಯಿರುಚಿ ಬಂದಿರಲಿಲ್ಲ. ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದಳು. ಕೈ ಎತ್ತಿದರೆ ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಡಾಕ್ಟರು ಸೋತು, "ಏನು ಕೇಳ್ತಾರೋ ಅದನ್ನೇ ಕೊಡಿ ಸಾರ್, ಮೊದ್ಲು ಏನಾದ್ರೂ ಹೊಟ್ಟೆಗೆ ಹೋಗ್ಲಿ" ಎಂದರು.

ಅಮ್ಮ ಕೇಳಿದ್ದೇನು? "ದಿನಾ ಹೋಗಿ ತಿಂದ್ಬರ್ತೀಯಲ್ಲ, ಆ ಹೋಟೆಲ್ ಬೋಂಡ ಹೇಗಿರುತ್ತೋ?"

ಹೋಟೆಲಿನ ತಿಂಡಿ ಅಮ್ಮನ ಬಾಯಿಗೆ ಇವತ್ತಿನವರೆಗೆ ಹೋದದ್ದಿಲ್ಲ. ಅಂದರೆ ನನ್ನ ಹೆಂಡತಿ ಲಲಿತ ಅದನ್ನು ಮನೆಯಲ್ಲೇ, ಮಡಿಯಲ್ಲೇ ಮಾಡಬೇಕು.

ಸಂಶೋಧನೆ ನನ್ನ ಪಾಲಿಗೆ ಬಂತು. ಜಯನಗರದ ಖಾಲಿ ಸೈಟುಗಳನ್ನು ದಾಟಿ ಹೋಟೆಲಿಗೆ ಹೋದೆ. "ಮಂಗಳೂರು ಬೋಂಡಕ್ಕೆ ಏನೇನು ಹಾಕ್ತೀರಿ?" ಎಂದೆ. ಗಲ್ಲಾದಲ್ಲಿದ್ದ ಮಾಲೀಕರು ನಕ್ಕರು. "ಹೇಳ್ಬಿಟ್ರೆ ನಾಳೆಯಿಂದ ನೀವು ಬರ್ತೀರಾ ಸಾರ್?"

ಮೈದಾ, ಹುಳಿಮೊಸರು, ಶುಂಠಿ, ಕೊಬ್ಬರಿ ಚೂರು. ಅದನ್ನು ನಾಲಿಗೆಯೇ ಹೇಳಿತು. ಉಳಿದದ್ದು ಹೋಟೆಲಿನ ಅಡುಗೆಮನೆಯ ಬಾಗಿಲಿನಿಂದ ಕಂಡಿತು. ಅಡುಗೆ ಭಟ್ಟರು ಮೊದಲು ಒಂದೇ ಬೋಂಡ ಕರಿದು, ಮುರಿದು, ಬಾಯಿಗೆ ಹಾಕಿಕೊಂಡರು. ಹಿಟ್ಟಿಗೆ ಇನ್ನಷ್ಟು ಮೊಸರು ಸುರಿದರು. ಆಮೇಲೆ ಬಾಣಲೆ ತುಂಬಿತು.

ನಮ್ಮ ಮನೆಯಲ್ಲಿ ಇದೇ ಅಸಾಧ್ಯ! ಏನು ಮಾಡಿದರೂ ಮೊದಲು ದೇವರ ನೈವೇದ್ಯಕ್ಕೆ; ಅದಕ್ಕೆ ಮುಂಚೆ ಯಾರೂ ರುಚಿ ನೋಡುವಂತಿಲ್ಲ. ನೋಡಿದರೆ ಅದು ದೇವರಿಗೆ ಸಲ್ಲುವುದಿಲ್ಲ.

ಮೊದಲ ಭಾನುವಾರದ ಬೋಂಡವನ್ನು ಅಮ್ಮ ಕಚ್ಚಿ ಕೆಳಗಿಟ್ಟಳು. "ಲಲಿತಾ, ಇದನ್ನ ಎಸೆದ್ರೆ ಕಿಟಕಿ ಗಾಜು ಒಡೆಯುತ್ತೆ ಕಣೇ." ಮುಂದಿನ ವಾರದ್ದು ಎಣ್ಣೆ ಕುಡಿದಿತ್ತು. "ಇದನ್ನ ಹಿಂಡಿ ದೀಪ ಹಚ್ಚಬಹುದು." ಎರಡು ಸಲವೂ ಅಮ್ಮ ಖಾಲಿ ಹೊಟ್ಟೆಯಲ್ಲೇ ಮಲಗಿದಳು.

"ಬಾಯಿಗೆ ಹಾಕ್ದೆ ನಂಗೆ ಹೇಗ್ರೀ ಗೊತ್ತಾಗ್ಬೇಕು?" ಲಲಿತಳ ಕಣ್ಣು ತುಂಬಿತ್ತು.

"ಸ್ವಲ್ಪ ಹಿಟ್ಟು ಬೇರೆ ತೆಗೆದು ಕರಿ. ನಾನು ತಿಂದು ಹೇಳ್ತೀನಿ."

"ಅದೇ ಬಾಣಲೆ, ಅದೇ ಎಣ್ಣೆ. ಅತ್ತೆ ಒಪ್ತಾರಾ?"

ಮೂರನೆಯ ಭಾನುವಾರದ್ದೇ ತಕರಾರು. ನನ್ನ ನೆನಪಿನಲ್ಲಿ, ಅಮ್ಮ ಗೋಡೆ ಹಿಡಿದು ಅಡುಗೆಮನೆಗೆ ಬಂದಳು. ಮೊದಲ ಬೋಂಡ ಎತ್ತಿ, ನೈವೇದ್ಯಕ್ಕೂ ಮುಂಚೆ, ಕಚ್ಚಿಯೇಬಿಟ್ಟಳು! "ಹುಳಿ ಸಾಲ್ದು. ಸ್ಟೋವ್ ಸ್ವಲ್ಪ ತಗ್ಗಿಸು" ಎಂದಳು. ಆಮೇಲೆ ಬಂದ ಬೋಂಡ ಹೊರಗೆ ಗರಿಗರಿ, ಒಳಗೆ ಹತ್ತಿ. ಅಮ್ಮ ತಿಂದಳು. ತಟ್ಟೆ ಚಾಚಿ ಮತ್ತೆ ಕೇಳಿದಳು. ಮರುದಿನ ಸಾರನ್ನವನ್ನೂ ಕೇಳಿ ಹಾಕಿಸಿಕೊಂಡಳು.

"ಅತ್ತೆ ಬರೀ ಮುರಿದು ನೋಡಿದ್ರು, ಅಷ್ಟೇ" ಎನ್ನುತ್ತಾಳೆ ಲಲಿತ.

"ನಾನು ಹಾಲ್‌ನಲ್ಲೇ ಮಲಗಿದ್ದೆ ಕಣೋ. ಆ ಹೊಗೇಲಿ ನಿಂಗೇನು ಕಾಣ್ತೋ!" ಇದು ಅಮ್ಮ.

ಇಬ್ಬರೂ ಇಷ್ಟು ಧೈರ್ಯವಾಗಿ ಹೇಳುವಾಗ ನನಗೇ ಅನುಮಾನ. ಕಂಡೆನೋ, ಕಾಣಲಿ ಎಂದು ಬಯಸಿದೆನೋ? ಅಮ್ಮ ಊಟ ಮಾಡುತ್ತಿದ್ದಾಳೆ, ಇನ್ನೇನು ಬೇಕು ಎಂದು ನೀವು ಕೇಳಬಹುದು. ಏನೂ ಬೇಡ. ಆದರೂ ನಿಮಗೆ ತಿಳಿದುಕೊಳ್ಳಬೇಕು ಅನ್ನಿಸುವುದಿಲ್ಲವೇ?

ಮೊನ್ನೆ ಪ್ರಶ್ನೆ ಬದಲಿಸಿದೆ. ಅಕ್ಕಿ ಆರಿಸುತ್ತಿದ್ದ ಲಲಿತಳನ್ನೂ, ಬಿಸಿಲು ಕಾಯುತ್ತಿದ್ದ ಅಮ್ಮನನ್ನೂ ಬೇರೆ ಬೇರೆಯಾಗಿ ಕೇಳಿದೆ: "ಅವತ್ತು ದೇವರಿಗೆ ಏನು ನೈವೇದ್ಯ ಮಾಡಿದ್ರಿ?"

ಇಬ್ಬರ ಉತ್ತರವೂ ಒಂದೇ: ಬರೀ ಬಾಳೆಹಣ್ಣು.